ಬ್ಯಾಲೆನ್ಸ್ ಬರಲ್ಲ, ಮೂರು ಚಕ್ರದ ಗಾಡಿ ತಗೊಳ್ಳಲಾ?

ಬುಲೆಟ್ಟಿಗೆ ಸೈಡ್‌ಕಾರ್, ಅಂದರೆ ಪಕ್ಕಕ್ಕೆ ಒಂದು ಚಕ್ರದ ಕೂರುವ ತೊಟ್ಟಿ, ಹಾಕಿಸಿಕೊಂಡಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮೈಸೂರಿನ ಕೆ.ಆರ್. ಸರ್ಕಲ್ ಸಿಗ್ನಲ್‌ನಲ್ಲಿ ಪಕ್ಕದ ಸ್ಕೂಟರಿನವರು ಕೇಳುತ್ತಾರೆ, ದೇವರಾಜ ಮಾರ್ಕೆಟ್ ಹತ್ತಿರ ಗಾಡಿ ನಿಲ್ಲಿಸಿದರೆ ಹೂವು ಮಾರುವವರು ಕೇಳುತ್ತಾರೆ, ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಪಕ್ಕದ ಎಲೆಯವರೂ ಕೇಳುತ್ತಾರೆ. ಮಾತು ಬೇರೆ ಬೇರೆ, ಪ್ರಶ್ನೆ ಒಂದೇ. "ಸಾರ್, ನನಗೆ ಗಾಡಿ ಓಡಿಸೋಕೆ ಬರಲ್ಲ, ಬೀಳ್ತೀನಿ ಅಂತ ಭಯ. ಮೂರು ಚಕ್ರದ್ದು ತಗೊಂಡ್ರೆ ಬೀಳೋ ಮಾತೇ ಇಲ್ಲ ಅಲ್ವಾ?"

ನಿಂತಾಗ ಬೀಳುವುದಿಲ್ಲ. ಅಷ್ಟೇ. ತಿರುವಿನಲ್ಲಿ ಮಗುಚುತ್ತದೆ.

ಯಾಕೆ ಅಂತ ನೋಡಿ. ಎರಡು ಚಕ್ರದ ಗಾಡಿ ತಿರುವಿನಲ್ಲಿ ಒಳಗಡೆಗೆ ವಾಲುತ್ತದೆ. ಸೈಕಲ್ ಕಲಿತ ಮಗುವಿಗೂ ಅದು ಗೊತ್ತು, ಯಾರೂ ಹೇಳಿಕೊಟ್ಟಿರುವುದಿಲ್ಲ. ಹೊರಕ್ಕೆ ತಳ್ಳುವ ಬಲಕ್ಕೆ ಆ ವಾಲುವಿಕೆಯೇ ಉತ್ತರ. ಮೂರನೇ ಚಕ್ರ ಸೇರಿಸಿದ ಕೂಡಲೇ ವಾಲುವುದಕ್ಕೆ ಜಾಗ ಇರುವುದಿಲ್ಲ. ಆಗ ಆ ಬಲವೆಲ್ಲ ಗಾಡಿಯನ್ನು ಹೊರಗಡೆಗೆ ಮಗುಚಲು ನೋಡುತ್ತದೆ, ಒಳಗಡೆ ಚಕ್ರ ನೆಲ ಬಿಡುತ್ತದೆ. ಆಟೋದಲ್ಲಿ ಕೂತಿದ್ದಾಗ ಡ್ರೈವರ್ ರಪ್ಪನೆ ತಿರುಗಿಸಿದರೆ ಪಕ್ಕದವರ ಮೇಲೆ ಒರಗಿಬಿಡುತ್ತೀರಲ್ಲ, ಅದೇ ಬಲ. ಇನ್ನೊಂದು ಲೆಕ್ಕವೂ ಇದೆ. ಅದೇ ತಿರುವನ್ನು 20ರಲ್ಲಿ ತೆಗೆದುಕೊಳ್ಳುವ ಬದಲು 40ರಲ್ಲಿ ತೆಗೆದುಕೊಂಡರೆ ಆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಹೊಸಬರು ಎಡವುವುದು ಇಲ್ಲೇ. ಆಗಲೇ ಆರಾಮಾಗಿ ತಿರುಗಿತ್ತು, ಈಗ ಒಂಚೂರು ಜಾಸ್ತಿ ಸ್ಪೀಡ್ ಇದ್ದರೆ ಏನಾಯಿತು ಅಂದುಕೊಳ್ಳುತ್ತಾರೆ.

ಹಾಗಾದರೆ ಬೇಡವೇ ಬೇಡ ಅನ್ನುತ್ತೀನಾ? ಇಲ್ಲ. ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳಿ ಅನ್ನುತ್ತೇನೆ. ಬರೀ ಬ್ಯಾಲೆನ್ಸ್ ಭಯ ಅಂತಾದರೆ ನನ್ನ ಉತ್ತರ ಬೇಡ ಅಂತಲೇ. ಒಂದು ಹಳೇ ಸೈಕಲ್ ತಗೊಳ್ಳಿ, ಕಾಲು ನೆಲಕ್ಕೆ ಪೂರ್ತಿ ಸಿಗುವ ಹಾಗೆ ಸೀಟು ಇಳಿಸಿ, ಪೆಡಲ್ ತುಳಿಯದೆ ಕಾಲಲ್ಲೇ ನೂಕಿಕೊಂಡು ಹೋಗಿ. ಬ್ಯಾಲೆನ್ಸ್ ಬಂದೇ ಬರುತ್ತದೆ. ಐವತ್ತು ದಾಟಿದವರೂ ಹೀಗೆ ಕಲಿತು ಆಮೇಲೆ ಗೇರಿಲ್ಲದ ಸ್ಕೂಟರ್ ಹತ್ತಿದ್ದನ್ನು ನೋಡಿದ್ದೇನೆ. ಮೊಣಕಾಲಿನ ತೊಂದರೆ, ಪೋಲಿಯೋ ಆದ ಕಾಲು, ಗಾಡಿಯ ಭಾರ ತಡೆಯಲಾಗದ ಸೊಂಟ, ಇಂಥ ಕಾರಣ ಇದ್ದರೆ ಮಾತು ಬೇರೆ. ಅಂಥವರಿಗೆ ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಸೈಡ್ ವೀಲ್ ಹಾಕಿದ ಸ್ಕೂಟರ್ ನಿಜವಾಗಲೂ ಬೇಕು, ಅದರ ಮಾತಿಗೆ ಆಮೇಲೆ ಬರುತ್ತೇನೆ. ಇನ್ನು ಸುಮ್ನೆ ಖುಷಿಗೆ, ಹೆಂಡತಿ ಮಕ್ಕಳನ್ನೋ ನಾಯಿಯನ್ನೋ ಕೂರಿಸಿಕೊಂಡು ರಂಗನತಿಟ್ಟಿಗೆ ಹೋಗಿಬರೋಣ ಅಂತಿದ್ದರೆ ಸೈಡ್‌ಕಾರ್. ನಾನು ಈ ಕೊನೇ ಪಂಗಡದವನು.

ವಿಡಿಯೋದಲ್ಲಿ ನೋಡಿ ಕೇಳುವವರೂ ಇದ್ದಾರೆ. ಮುಂದೆ ಎರಡು ಹಿಂದೆ ಒಂದು ಚಕ್ರ ಇರುವ ಕ್ಯಾನ್‌ಆಮ್ ಸ್ಪೈಡರ್, ವಾಲುವ ಜಾತಿಯ ಪಿಯಾಜಿಯೋ ಎಂಪಿ3, ಯಮಹಾ ನೈಕನ್. ಇವು ನಮ್ಮ ಕಡೆ ಶೋರೂಮಿಗೆ ಹೋಗಿ ಬುಕ್ ಮಾಡುವ ಗಾಡಿಗಳಲ್ಲ, ಹಾಗಾಗಿ ಜಾಸ್ತಿ ಹೇಳುವುದಿಲ್ಲ. ಒಂದು ಮಾತ್ರ ತಿಳಿದುಕೊಳ್ಳಿ. ವಾಲುವ ಮೂರು ಚಕ್ರದ ಗಾಡಿ ಬೈಕಿನ ಹಾಗೇ ತಿರುಗುತ್ತದೆ, ಹಾಗೇ ಬೀಳುತ್ತದೆ ಕೂಡ. ಎಂಪಿ3ಯಲ್ಲಿ ನಿಂತಾಗ ವಾಲದ ಹಾಗೆ ಹಿಡಿಯುವ ಲಾಕ್ ಇದೆ. ನೈಕನ್‌ನಲ್ಲಿ ಅದೂ ಇಲ್ಲ, ಸಿಗ್ನಲ್ ಬಂದರೆ ಕಾಲು ಊರಲೇಬೇಕು.

ಮೂರು ಚಕ್ರದ ಗಾಡಿಯನ್ನು ಬೇಗ ಕಲಿಯುವವರು ಬೈಕ್ ಓಡಿಸಿ ಅನುಭವ ಇರುವವರಲ್ಲ. ಏನೂ ಓಡಿಸದವರು, ಇಲ್ಲವಾದರೆ ಆಟೋ ಓಡಿಸಿದವರು. ಬೈಕ್ ಸ್ವಲ್ಪ ಸ್ಪೀಡಿನಲ್ಲಿದ್ದಾಗ ಎಡಕ್ಕೆ ತಿರುಗಬೇಕಾದರೆ ನಾವು ನಮಗೇ ಗೊತ್ತಿಲ್ಲದೆ ಎಡಗೈಯಲ್ಲಿ ಹ್ಯಾಂಡಲನ್ನು ಮುಂದಕ್ಕೆ ಒತ್ತುತ್ತೇವೆ. ಹ್ಯಾಂಡಲ್ ಒಂದು ಕ್ಷಣ ಬಲಕ್ಕೆ ಹೋಗುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ, ತಿರುಗುತ್ತದೆ. ಅದನ್ನೇ ಸೈಡ್‌ಕಾರಿನಲ್ಲಿ ಮಾಡಿದರೆ? ಗಾಡಿ ಬಲಕ್ಕೇ ಹೋಗುತ್ತದೆ. ರಿಂಗ್ ರೋಡಿನ ಆಚೆ ಒಂದು ಲೇಔಟ್ ಇದೆ, ಸೈಟುಗಳಾಗಿವೆ, ಮನೆಗಳು ಬಂದಿಲ್ಲ. ಅಲ್ಲಿ ನನ್ನ ಇಬ್ಬರು ಗೆಳೆಯರಿಗೆ ಗಾಡಿ ಕೊಟ್ಟಿದ್ದೆ. ಆಟೋದವನು ಹತ್ತಿದ, ಎರಡು ಸುತ್ತು ಬಂದ, "ಇದೇನ್ ಗುರು, ನಮ್ ಗಾಡಿ ಥರಾನೇ ಐತೆ" ಅಂದು ಇಳಿದ. ಇನ್ನೊಬ್ಬ ಲಡಾಖಿಗೆಲ್ಲ ಬುಲೆಟ್ಟಿನಲ್ಲಿ ಹೋಗಿಬಂದವನು. ಮೊದಲನೇ ಎಡ ತಿರುವಿಗೇ ಮೈ ಎಡಕ್ಕೆ, ಗಾಡಿ ಬಲಕ್ಕೆ. ನೇರ ಲಂಟಾನ ಪೊದೆಯೊಳಗೆ ಹೋಗಿ ನಿಂತ. ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊಂಡು, ಗಾಡಿಗೆ ಹುಚ್ಚು ಹಿಡಿದಿದೆ ಅಂತ ಅದರ ಮೇಲೇ ರೇಗುತ್ತಿದ್ದ. ಹಾಗಾಗಿ "ನನಗೆ ಬೈಕೇ ಬರಲ್ಲ" ಅನ್ನುವುದು ಇಲ್ಲಿ ಕೊರತೆಯೇನಲ್ಲ.

ಸೈಡ್‌ಕಾರ್ ನಮ್ಮ ದೇಶದಲ್ಲಿ ಎಡಗಡೆ ಇರುತ್ತದೆ. ಆ ಕಾರಣಕ್ಕೆ ಎಡಕ್ಕೂ ಬಲಕ್ಕೂ ಗಾಡಿಯ ಸ್ವಭಾವ ಒಂದೇ ಅಲ್ಲ. ಎಡಕ್ಕೆ ತಿರುಗಿದಾಗ ಖಾಲಿ ಸೈಡ್‌ಕಾರ್ ಮೇಲೆದ್ದು ಬರುತ್ತದೆ. ಆಕ್ಸಿಲರೇಟರ್ ಕೊಟ್ಟರೆ ಪಕ್ಕದ ಭಾರ ಹಿಂದೆ ಉಳಿದು ಗಾಡಿ ಎಡಕ್ಕೆ ಎಳೆಯುತ್ತದೆ. ಬ್ರೇಕ್ ಹಾಕಿದರೆ ಅದೇ ಭಾರ ಮುಂದಕ್ಕೆ ನುಗ್ಗಿ ಬಲಕ್ಕೆ, ಅಂದರೆ ಎದುರಿಂದ ಬರುವ ಬಸ್ಸಿನ ಕಡೆಗೆ ಎಳೆಯುತ್ತದೆ. ಸೈಡ್‌ಕಾರ್ ಚಕ್ರಕ್ಕೆ ಬ್ರೇಕ್ ಇಲ್ಲದಿದ್ದರೆ ಇದು ಇನ್ನೂ ಜಾಸ್ತಿ. ಚಾಮುಂಡಿ ಬೆಟ್ಟ ಇಳಿಯುವಾಗ ಇದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಸೆಕೆಂಡ್ ಗೇರಿಗೆ ಹಾಕಿ ಎಂಜಿನ್ನಿಗೇ ಗಾಡಿ ಹಿಡಿಯಲು ಬಿಟ್ಟು ಇಳಿಯಬೇಕು. ತಿರುವಿಗೆ ಮುಂಚೆಯೇ ಸ್ಪೀಡ್ ಇಳಿಸಬೇಕು, ತಿರುವಿನೊಳಗೆ ಹೋಗಿ ಬ್ರೇಕ್ ಹಿಡಿಯಬಾರದು.

ಕಲಿಯುವಾಗ ಸೈಡ್‌ಕಾರ್ ಖಾಲಿ ಇಡಬೇಡಿ. ಮನುಷ್ಯರನ್ನಂತೂ ಕೂರಿಸಲೇಬೇಡಿ. 25 ಕೆಜಿ ಅಕ್ಕಿ ಮೂಟೆ ಎರಡು ಹಾಕಿ, ಅಲ್ಲಾಡದ ಹಾಗೆ ಹಗ್ಗದಲ್ಲಿ ಬಿಗಿಯಿರಿ. ದೊಡ್ಡ ಖಾಲಿ ಮೈದಾನದಲ್ಲಿ ನಿಧಾನಕ್ಕೆ ಎಡಕ್ಕೆ ಸುತ್ತು ಹಾಕಿ. ದಿನ ಕಳೆದ ಹಾಗೆ ಭಾರ ಕಮ್ಮಿ ಮಾಡಿ. ಚಕ್ರ ಮೇಲೇಳುವುದಕ್ಕೆ ಮುಂಚೆ ಸೀಟಿನ ಕೆಳಗೆ ಏನೋ ಹಗುರಾದ ಹಾಗೆ ಅನ್ನಿಸುತ್ತದೆ. ಅದನ್ನು ಗುರುತಿಸಲು ಬರುವ ತನಕ ರೋಡಿಗೆ ಬರಬೇಡಿ. ಎದ್ದರೆ ಗಾಬರಿಯಾಗಿ ಬ್ರೇಕ್ ಒತ್ತುವುದಲ್ಲ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಹ್ಯಾಂಡಲನ್ನು ಸ್ವಲ್ಪ ನೇರ ಮಾಡಿ, ಚಕ್ರ ತಾನೇ ಕೆಳಗೆ ಬರುತ್ತದೆ. ಅಷ್ಟು ಜಾಗ ಬೇಕು ಅಂತಲೇ ಮೈದಾನ ಅಂದಿದ್ದು.

ಫಿಟ್ಟಿಂಗ್ ಮಾಡುವವರನ್ನು ನೋಡಿ ಆರಿಸಿ. ಸೈಡ್‌ಕಾರ್ ಚಕ್ರ ಬೈಕಿನ ಹಿಂದಿನ ಚಕ್ರಕ್ಕಿಂತ ಸ್ವಲ್ಪ ಮುಂದಿರಬೇಕು. ಅದರ ಮೂತಿ ಬೈಕಿನ ಕಡೆಗೆ ಕೊಂಚ ತಿರುಗಿರಬೇಕು. ಬೈಕ್ ಸ್ವಲ್ಪ ಆಚೆಗೆ, ಅಂದರೆ ಬಲಕ್ಕೆ ವಾಲಿ ನಿಂತಿರಬೇಕು. ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಅಂಚಿಗೆ ಇಳಿಜಾರಾಗಿರುತ್ತವೆ, ಗಾಡಿ ಸದಾ ಎಡಕ್ಕೆ ಜಾರಲು ನೋಡುತ್ತದೆ. ಈ ಅಳತೆಗಳು ಸರಿ ಇಲ್ಲದಿದ್ದರೆ ಮೈಸೂರಿನಿಂದ ಮಂಡ್ಯ ಮುಟ್ಟುವುದರೊಳಗೆ ತೋಳು ಬಿದ್ದುಹೋಗುತ್ತದೆ. ಅಂದಹಾಗೆ ನಮ್ಮೂರಿಗೂ ಸೈಡ್‌ಕಾರಿಗೂ ದೂರದ ನೆಂಟಸ್ತನ ಇದೆ. ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಬೈಕ್ ಫ್ಯಾಕ್ಟರಿ ಗೊತ್ತಲ್ಲ. ಆ ಜಾವಾ ಹುಟ್ಟಿದ ಚೆಕೊಸ್ಲೊವಾಕಿಯಾದಲ್ಲಿ ವೆಲೊರೆಕ್ಸ್ ಅನ್ನುವವರು ಅದಕ್ಕೆ ಸೈಡ್‌ಕಾರ್ ಮಾಡುತ್ತಿದ್ದರು. ಇಲ್ಲಿನ ಹಳೇ ಮೆಕ್ಯಾನಿಕ್‌ಗಳ ಹತ್ತಿರ ಜಾವಾ ಮಾತು ತೆಗೆದರೆ ಒಂದು ಕಾಫಿಗೆ ಮುಗಿಯುವುದಿಲ್ಲ.

ಈಗ ಸೈಡ್ ವೀಲ್ ಸ್ಕೂಟರ್. ಎಣಿಸಿದರೆ ಇದಕ್ಕೆ ನಾಲ್ಕು ಚಕ್ರ, ಆದರೂ ಜನ ಮೂರು ಚಕ್ರದ ಸ್ಕೂಟರ್ ಅಂತಲೇ ಕರೆಯುತ್ತಾರೆ. ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಗಾಡಿಯ ಹಿಂದಿನ ಚಕ್ರ ಒಂದು ತಗ್ಗಿನಲ್ಲಿ, ಪಕ್ಕದ ಎರಡು ಚಕ್ರ ತಗ್ಗಿನ ಅಂಚಿನ ಮೇಲೆ ಬರುವ ಹಾಗೆ ನಿಲ್ಲಿಸಿ, ಆಕ್ಸಿಲರೇಟರ್ ಕೊಡಿ. ಪಕ್ಕದ ಚಕ್ರಗಳನ್ನು ಶಾಕ್ ಅಬ್ಸಾರ್ಬರ್ ಇಲ್ಲದೆ ಸುಮ್ನೆ ಕಬ್ಬಿಣದ ಪಟ್ಟಿಗೆ ವೆಲ್ಡ್ ಮಾಡಿದ್ದರೆ ಹಿಂದಿನ ಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ. ಮುಂದೆ ಹೋಗದಿದ್ದರೆ ಹೋಗಲಿ, ಅಂಥ ಜಾಗದಲ್ಲಿ ಹಿಂದಿನ ಬ್ರೇಕೂ ಕೆಲಸ ಮಾಡುವುದಿಲ್ಲ, ಯಾಕೆಂದರೆ ಸಾಮಾನ್ಯವಾಗಿ ಪಕ್ಕದ ಚಕ್ರಗಳಿಗೆ ಬ್ರೇಕ್ ಇರುವುದಿಲ್ಲ. ಮಳೆಗಾಲ ಮುಗಿದ ಮೇಲಿನ ನಮ್ಮ ಬಡಾವಣೆ ರಸ್ತೆಗಳಲ್ಲಿ ಅಂಥ ತಗ್ಗು ಹುಡುಕಬೇಕಾಗಿಲ್ಲ.

ಇನ್ನೊಂದು, ಗಾಬರಿಯಾದಾಗ ಕಾಲು ಕೆಳಗಿಡಬೇಡಿ. ನಿಮ್ಮ ಕಾಲಿನ ಹಿಂದೆಯೇ ಪಕ್ಕದ ಚಕ್ರ ಬರುತ್ತಿರುತ್ತದೆ, ಸೀದಾ ಪಾದದ ಮೇಲೆ ಹತ್ತುತ್ತದೆ. ಮೊದಲ ದಿನವೇ ಇದನ್ನು ಮನಸ್ಸಿಗೆ ಹಾಕಿಕೊಳ್ಳಿ, ಎರಡು ಕಾಲೂ ಫುಟ್‌ಬೋರ್ಡ್ ಬಿಟ್ಟು ಕದಲಬಾರದು. ಪಾರ್ಕಿಂಗ್ ಕೂಡ ಯೋಚಿಸಿ ಮಾಡಿ. ಹೀಗೆ ಮಾರ್ಪಾಡು ಮಾಡಿದ ಸ್ಕೂಟರಿನಲ್ಲಿ ರಿವರ್ಸ್ ಸಾಮಾನ್ಯವಾಗಿ ಇರುವುದಿಲ್ಲ, ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿದರೆ ಯಾರನ್ನಾದರೂ ಕರೆದು ಹಿಂದಕ್ಕೆ ಎಳೆಸಬೇಕು.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ಬಿಡುವ ಹಾಗಿಲ್ಲ. ಗಾಡಿಯ ರೂಪ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅಂಗವೈಕಲ್ಯ ಇರುವವರಿಗಾಗಿ ಮಾರ್ಪಡಿಸಿದ ಗಾಡಿಗೆ ಕಾನೂನಿನಲ್ಲೇ ಜಾಗ ಇದೆ, ಲೈಸೆನ್ಸಿನಲ್ಲೂ ಅದಕ್ಕೆ ಬೇರೆ ವರ್ಗ ಇದೆ. ನೀವು ಕೆಎ 09 ಆಗಲಿ, 55 ಆಗಲಿ, ಮಂಡ್ಯದ 11 ಆಗಲಿ, ವೆಲ್ಡಿಂಗ್ ಅಂಗಡಿಗೆ ಹೋಗುವ ಮುಂಚೆ ನಿಮ್ಮ ಆರ್‌ಟಿಓ ಆಫೀಸಿಗೆ ಹೋಗಿ ಕೇಳಿ. ಮಾರ್ಪಾಡು ಆರ್‌ಸಿಯಲ್ಲಿ ನಮೂದಾಗಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು. "ಯಾರೂ ಕೇಳಲ್ಲ ಬನ್ನಿ ಸಾರ್" ಅನ್ನುವ ಅಂಗಡಿಯವನು ಆಕ್ಸಿಡೆಂಟ್ ಆದ ದಿನ ಫೋನ್ ಎತ್ತುವುದಿಲ್ಲ.

ಹಳ್ಳಿ ಕಡೆ ಓಡಿಸುವವರಿಗೆ ಒಂದು ಮಾತು. ಪಾಂಡವಪುರ, ಕೆ.ಆರ್. ಪೇಟೆ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿ ಎಲ್ಲ ರೋಡಿನ ಮೇಲೇ ಒಕ್ಕಣೆ. ಬೈಕಿನವನು ಅಂಚಿನಲ್ಲಿ ಒಂದು ಗೇಣು ಜಾಗ ಸಿಕ್ಕರೆ ನುಸುಳಿಕೊಂಡು ಹೋಗುತ್ತಾನೆ. ನಿಮಗೆ ಅದು ಆಗುವುದಿಲ್ಲ, ಒಂದು ಚಕ್ರ ಟಾರಿನ ಮೇಲೆ, ಇನ್ನೊಂದು ಹುಲ್ಲಿನ ಮೇಲೆ. ಬ್ರೇಕ್ ಹಿಡಿದರೆ ಗಾಡಿ ಹಿಡಿತ ಇರುವ ಕಡೆಗೆ ತಿರುಚಿಕೊಳ್ಳುತ್ತದೆ. ಒಣಗಿದ ಬಳ್ಳಿ ಚೈನಿಗೂ ಆಕ್ಸಲಿಗೂ ಸುತ್ತಿಕೊಳ್ಳುತ್ತದೆ. ನಿಧಾನಕ್ಕೆ, ಬ್ರೇಕ್ ಮುಟ್ಟದೆ ದಾಟಿ, ಆಚೆ ನಿಲ್ಲಿಸಿ ಒಂದು ಸಲ ಬಗ್ಗಿ ನೋಡಿ. ಕಬ್ಬಿನ ಟ್ರ್ಯಾಕ್ಟರ್ ಎದುರು ಬಂದರೆ ಅಗಲದ ಲೆಕ್ಕ ನಿಮ್ಮದು, ಅವನದಲ್ಲ. ಅವನಿಗೆ ನೀವು ಬರೀ ಬೈಕ್ ಥರ ಕಾಣುತ್ತೀರಿ, ಪಕ್ಕದಲ್ಲಿ ಇನ್ನೊಂದು ಚಕ್ರ ಇದೆ ಅಂತ ಹತ್ತಿರ ಬರುವ ತನಕ ಗೊತ್ತಾಗುವುದಿಲ್ಲ.

ಕೊನೆಗೆ ಎಲ್ಲರೂ ಕೇಳುವ ಉಪಪ್ರಶ್ನೆ, ಇದರಲ್ಲಿ ಬೆಂಗಳೂರಿಗೆ ಹೋಗಬಹುದಾ ಅಂತ. ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೂ ಪ್ರವೇಶವಿಲ್ಲ, ತ್ರಿಚಕ್ರ ವಾಹನಕ್ಕೂ ಇಲ್ಲ. ನಮ್ಮ ಗಾಡಿಯನ್ನು ಯಾವುದಕ್ಕೆ ಸೇರಿಸಿದರೂ ಸರ್ವಿಸ್ ರೋಡೇ ಗತಿ. ಹಂಪು, ರಾಂಗ್ ಸೈಡಿನಲ್ಲಿ ಬರುವ ಗಾಡಿ, ಹಸು, ಎಳನೀರಿನ ಅಂಗಡಿ ಮುಂದೆ ನಿಂತ ಕಾರು, ಎಲ್ಲ ದಾಟಿಕೊಂಡು ಹೋಗಬೇಕು. ಹೋಗಬಹುದು, ಹೋಗುವವರೂ ಇದ್ದಾರೆ. ನಾನು ಚಾಮುಂಡಿ ಎಕ್ಸ್‌ಪ್ರೆಸ್ ರೈಲಿಗೆ ಹೋಗುತ್ತೇನೆ.