ಬರ್ತಾ ಹೋದ ದಾರಿಯಲ್ಲಿ: ಬೆಂಜ್ ಕಾರಿನ ಊರುಗಳನ್ನು ನೋಡಲು ಹೊರಡುವವರಿಗೆ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗುವ ನಮ್ಮವರು ಮರ್ಸಿಡಿಸ್ ಬೆಂಜ್ ಮ್ಯೂಸಿಯಂಗೆ ಹೋಗೇ ಹೋಗುತ್ತಾರೆ. ಬೆಳಿಗ್ಗೆ ಒಳಗೆ ಹೊಕ್ಕು, ಮಧ್ಯಾಹ್ನ ಹೊರಗೆ ಬಂದು, ನಾಲ್ಕು ಫೋಟೋ ತೆಗೆದು ಮುಗಿಸುತ್ತಾರೆ. ನಿಮ್ಮ ಕೈಯಲ್ಲಿ ಇನ್ನೆರಡು ದಿನ ಇದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಮ್ಯೂಸಿಯಂ ಕೊನೆಗಿರಲಿ. ಮೊದಲು ಮ್ಯಾನ್‌ಹೈಮ್‌ನಿಂದ ಪ್‌ಫೋರ್ಟ್ಸ್‌ಹೈಮ್‌ವರೆಗೆ ಹೋಗಿ ಬನ್ನಿ. 1888ರಲ್ಲಿ ಬರ್ತಾ ಬೆಂಜ್ ಅನ್ನುವ ಹೆಂಗಸು, ತನ್ನ ಗಂಡ ಕಾರ್ಲ್ ಬೆಂಜ್ ಮಾಡಿದ ಕಾರು ಓಡಿಸಿಕೊಂಡು ಹೋದ ದಾರಿ ಅದು. ಅದನ್ನು ನೋಡಿ ಬಂದರೆ ಮ್ಯೂಸಿಯಂ ಬೇರೆಯೇ ಆಗಿ ಕಾಣುತ್ತದೆ.

ನಾನು ಹೋಗಿದ್ದು ಅಪ್ಪನ ಜೊತೆ. ಅಪ್ಪ 1965ರಲ್ಲಿ, ಹದಿನೇಳನೇ ವಯಸ್ಸಿಗೆ, ಹಾಸನದಲ್ಲಿ ಲಾರಿ ಕ್ಲೀನರ್ ಆಗಿ ಸೇರಿದವರು. ಆ ಲಾರಿಯ ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರ ಇತ್ತು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟಲು ಶುರು ಮಾಡಿದ್ದರು. 15 ವರ್ಷ ಆ ಒಪ್ಪಂದ ನಡೆಯಿತು. ಊರಲ್ಲಿ ಎಲ್ಲರೂ ಅದನ್ನು ಬೆಂಜ್ ಗಾಡಿ ಅಂತಲೇ ಕರೆಯುತ್ತಿದ್ದರು. ಮುಂದೆ ಅಪ್ಪ ಡ್ರೈವರ್ ಆದರು. ಶಿರಾಡಿ ಘಾಟಿಯನ್ನು ಎಷ್ಟು ಸಲ ಹತ್ತಿ ಇಳಿದಿದ್ದಾರೋ ಲೆಕ್ಕವಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಬೆಂಜ್ ಅಂದರೆ ಶ್ರೀಮಂತರ ಕಾರಲ್ಲ. ಅಡಿಕೆ, ಕಾಫಿ ಹೊತ್ತು ಮಂಗಳೂರಿಗೆ ಹೋಗುವ ಲಾರಿ.

ಅಕ್ಕ, ಭಾವ ಸ್ಟುಟ್‌ಗಾರ್ಟ್ ಪಕ್ಕದ ಬ್ಯೋಬ್ಲಿಂಗೆನ್‌ನಲ್ಲಿದ್ದಾರೆ. "ಈ ಸಲ ಅಪ್ಪನ್ನೂ ಕರ್ಕೊಂಡು ಬಾ" ಅಂತ ಅಕ್ಕ ಹಟ ಹಿಡಿದಳು. ನಾವು ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ನೇರ ಅಕ್ಕನ ಮನೆಗೆ ಹೋಗದೆ ಮ್ಯಾನ್‌ಹೈಮ್‌ನಲ್ಲೇ ಎರಡು ರಾತ್ರಿ ಉಳಿದೆವು. ವಿಮಾನ ನಿಲ್ದಾಣದಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ವಯಸ್ಸಾದವರ ಜೊತೆ ಹೋಗುವವರು ಹೀಗೇ ಮಾಡಿ. ರಾತ್ರಿಯೆಲ್ಲ ಕೂತು ಬಂದ ಮೇಲೆ ಮತ್ತೆ ದೂರದ ಪ್ರಯಾಣ ಬೇಡ.

ಟಿಕೆಟ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಒಂದೆರಡು ದಿನದ ಓಡಾಟಕ್ಕೆ ಬಾಡೆನ್-ವ್ಯುರ್ಟೆಂಬರ್ಗ್ ಟಿಕೆಟ್ ಅಂತ ಒಂದು ದಿನದ ಪಾಸ್ ಇದೆ. ಐದು ಜನರವರೆಗೆ ಒಂದೇ ಟಿಕೆಟ್‌ನಲ್ಲಿ ಓಡಾಡಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಮಾತ್ರ ನಡೆಯುತ್ತದೆ. ವೇಗದ ರೈಲಿಗೆ ಅದು ಆಗುವುದಿಲ್ಲ. ಆದರೆ ಈ ದಾರಿಗೆ ವೇಗದ ರೈಲು ಬೇಕಾಗಿಯೂ ಇಲ್ಲ, ಅದು ಈ ಸಣ್ಣ ಊರುಗಳಲ್ಲಿ ನಿಲ್ಲುವುದೇ ಇಲ್ಲ. ಕಾರು ಬಾಡಿಗೆಗೆ ತೆಗೆದುಕೊಳ್ಳುವವರಿಗೆ ಇನ್ನೂ ಒಳ್ಳೆಯದು. 2008ರಿಂದ ಈ ದಾರಿಗೆ ಬರ್ತಾ ಬೆಂಜ್ ಹೆಸರಿಟ್ಟು ಉದ್ದಕ್ಕೂ ಫಲಕ ಹಾಕಿದ್ದಾರೆ. ಹೋಗುವ ದಾರಿ, ಬರುವ ದಾರಿ ಬೇರೆ ಬೇರೆ. ಎರಡೂ ಸೇರಿ 194 ಕಿಲೋಮೀಟರ್.

ಮ್ಯಾನ್‌ಹೈಮ್ ನಗರದ ಮಧ್ಯಭಾಗ ಚೌಕಾಬಾರದ ಮನೆಯಂತಿದೆ. ಬೀದಿಗಳಿಗೆ ಹೆಸರಿಲ್ಲ, ಚೌಕಗಳಿಗೆ ಅಕ್ಷರ ಮತ್ತು ಸಂಖ್ಯೆ. ಕಾರ್ಲ್ ಬೆಂಜ್‌ನ ಮೊದಲ ವರ್ಕ್‌ಶಾಪ್ ಇದ್ದಿದ್ದು ಟಿ6ರಲ್ಲಿ. ಈಗ ಅಲ್ಲಿ ನೋಡಲು ಹೆಚ್ಚೇನೂ ಇಲ್ಲ. ಆದರೂ ಒಮ್ಮೆ ನಿಂತು ಬನ್ನಿ. 1886ರ ಜನವರಿ 29ರಂದು ಅವನು ಪೇಟೆಂಟ್‌ಗೆ ಅರ್ಜಿ ಹಾಕಿದ. ಮೂರು ಚಕ್ರ, ಒಂದು ಸಿಲಿಂಡರ್, ಒಂದು ಅಶ್ವಶಕ್ತಿಗೂ ಕಡಿಮೆ ಬಲ, ಗಂಟೆಗೆ 16 ಕಿಲೋಮೀಟರ್ ವೇಗ. ಕಾರು ಹುಟ್ಟಿದ ದಿನ ಅಂತ ಜರ್ಮನಿಯಲ್ಲಿ ಹೇಳುವುದು ಇದನ್ನೇ.

ಆದರೆ ಗಾಡಿ ಮಾಡಿದರೆ ಸಾಕೇ? ಕೊಳ್ಳುವವರು ಬೇಕಲ್ವಾ. ಜನ ನಂಬಲಿಲ್ಲ. ಕಾರ್ಲ್ ಒಳ್ಳೆಯ ಎಂಜಿನಿಯರ್, ವ್ಯಾಪಾರ ಗೊತ್ತಿರಲಿಲ್ಲ. ಆಗ ಮುಂದೆ ಬಂದವಳು ಹೆಂಡತಿ ಬರ್ತಾ. ಮದುವೆಗೆ ಮೊದಲೇ ತನ್ನ ವರದಕ್ಷಿಣೆ ದುಡ್ಡನ್ನು ಅಪ್ಪನಿಂದ ಕೇಳಿ ಪಡೆದು ಕಾರ್ಲ್‌ನ ಕೆಲಸಕ್ಕೆ ಹಾಕಿದ್ದವಳು ಅವಳು. 1888ರ ಆಗಸ್ಟ್‌ನಲ್ಲಿ ಒಂದು ಬೆಳಗಿನ ಜಾವ, ಗಂಡನಿಗೆ ಹೇಳದೆ, ಗಾಡಿಯನ್ನು ಹೊರಗೆ ತಂದಳು. ಜೊತೆಗೆ ಓಯ್ಗೆನ್ ಮತ್ತು ರಿಚರ್ಡ್ ಅನ್ನುವ ಇಬ್ಬರು ಗಂಡುಮಕ್ಕಳು. ಪ್‌ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಅಷ್ಟು ದೂರ ಅದುವರೆಗೆ ಯಾರೂ ಕಾರಿನಲ್ಲಿ ಹೋಗಿರಲಿಲ್ಲ.

ಮೊದಲ ದಿನ ಲಾಡೆನ್‌ಬುರ್ಗ್ ನೋಡಿ. ಮ್ಯಾನ್‌ಹೈಮ್‌ನಿಂದ ಲೋಕಲ್ ರೈಲಿನಲ್ಲಿ ಕಾಲು ಗಂಟೆ. ರೋಮನ್ನರ ಕಾಲದಿಂದ ಇರುವ ಪುಟ್ಟ ಊರು, ನೆಕ್ಕಾರ್ ನದಿಯ ದಡ. ಕಾರ್ಲ್ ಮತ್ತು ಬರ್ತಾ ಕೊನೆಯ ದಿನಗಳನ್ನು ಕಳೆದಿದ್ದು ಇಲ್ಲೇ, ಅವರ ಸಮಾಧಿ ಇರುವುದೂ ಇಲ್ಲೇ. ಕಾರ್ಲ್ ತನ್ನ ಮಕ್ಕಳ ಜೊತೆ ನಡೆಸಿದ ಫ್ಯಾಕ್ಟರಿಯ ಕಟ್ಟಡದಲ್ಲಿ ಒಂದು ಮ್ಯೂಸಿಯಂ ಇದೆ. ವಾರದಲ್ಲಿ ಕೆಲವೇ ದಿನ, ಅದೂ ಮಧ್ಯಾಹ್ನದ ಮೇಲೆ ತೆರೆಯುತ್ತದೆ. ದಿನ ನೋಡಿಕೊಂಡೇ ಹೋಗಿ. ಅವರ ಮನೆಯ ತೋಟದಲ್ಲಿ ಕಾರ್ಲ್ ಕಟ್ಟಿಸಿದ ಗ್ಯಾರೇಜ್ ಈಗಲೂ ಇದೆ. ಸಣ್ಣ ಕೋಟೆಯ ಬುರುಜಿನ ಥರ ಕಾಣುತ್ತದೆ.

ಎರಡನೇ ದಿನ ವೀಸ್‌ಲೋಕ್. ಇಲ್ಲೊಂದು ಎಚ್ಚರಿಕೆ. ರೈಲು ನಿಲ್ದಾಣದ ಹೆಸರು ವೀಸ್‌ಲೋಕ್-ವಾಲ್ಡೋರ್ಫ್. ಅದು ಎರಡೂ ಊರುಗಳಿಂದ ದೂರ. ಪೇಟೆಗೆ ಬಸ್ ಹಿಡಿಯಲೇಬೇಕು. ನಾವು ನಡೆಯಬಹುದು ಅಂದುಕೊಂಡು ಹೊರಟು, ಅಪ್ಪನಿಗೆ ಸುಸ್ತಾಗಿ ಅರ್ಧ ದಾರಿಯಲ್ಲಿ ಬಸ್ ಹತ್ತಿದೆವು. ವಾಲ್ಡೋರ್ಫ್ ಅಂದರೆ ಎಸ್‌ಎಪಿ ಸಾಫ್ಟ್‌ವೇರ್ ಕಂಪನಿಯ ಮುಖ್ಯ ಕಚೇರಿ ಇರುವ ಊರು. ವೈಟ್‌ಫೀಲ್ಡ್‌ನ ಎಸ್‌ಎಪಿ ಕಚೇರಿಯಿಂದ ಅಲ್ಲಿಗೆ ಕೆಲಸಕ್ಕೆ ಹೋಗುವ ಬೆಂಗಳೂರಿನವರೇ, ನಿಮಗೆ ಇದು ಒಂದು ಸಂಜೆಯ ದಾರಿ. ತಪ್ಪಿಸಿಕೊಳ್ಳಬೇಡಿ.

ಪೇಟೆಯ ಬೀದಿಯಲ್ಲಿ ಹಳೆಯ ಔಷಧಿ ಅಂಗಡಿಯ ಕಟ್ಟಡ ಇದೆ. ಪ್ರಪಂಚದ ಮೊದಲ ಪೆಟ್ರೋಲ್ ಬಂಕ್ ಇದೇ ಅಂತ ಊರಿನವರು ಬರೆದು ಹಾಕಿದ್ದಾರೆ. ಬರ್ತಾಳ ಕಾಲದಲ್ಲಿ ಪೆಟ್ರೋಲ್ ಬಂಕ್ ಎಲ್ಲಿತ್ತು? ಆ ಗಾಡಿ ಓಡುತ್ತಿದ್ದುದು ಲಿಗ್ರೋಯಿನ್ ಅನ್ನುವ ದ್ರವದಿಂದ. ಬಟ್ಟೆಯ ಕಲೆ ತೆಗೆಯಲು ಅದನ್ನು ಔಷಧಿ ಅಂಗಡಿಯಲ್ಲಿ ಮಾರುತ್ತಿದ್ದರು. ಬರ್ತಾ ಅಂಗಡಿಯವನ ಹತ್ತಿರ ಇದ್ದಷ್ಟನ್ನೂ ಕೊಂಡು ಟ್ಯಾಂಕಿಗೆ ಹಾಕಿದಳು.

ಅಂಗಡಿಯ ಎದುರು ಬೆಂಚಿನ ಮೇಲೆ ಕೂತು ನಾನು ಅಪ್ಪನಿಗೆ ಉಳಿದ ಕಥೆ ಹೇಳಿದೆ. ಇಂಧನದ ಪೈಪು ಕಟ್ಟಿಕೊಂಡಾಗ ಬರ್ತಾ ಟೋಪಿಯ ಪಿನ್ನಿನಿಂದ ಚುಚ್ಚಿ ಕಸ ತೆಗೆದಳು. ಕಿಡಿ ಕೊಡುವ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿ ಬಿಚ್ಚಿ ಸುತ್ತಿದಳು. ಎಂಜಿನ್ ತಣ್ಣಗಿಡಲು ದಾರಿಯುದ್ದಕ್ಕೂ ನೀರು ತುಂಬಿದಳು. ಬ್ರುಕ್ಸಾಲ್‌ನಲ್ಲಿ ಕಮ್ಮಾರನಿಂದ ಚೈನ್ ಸರಿ ಮಾಡಿಸಿದಳು. ಏರಿನಲ್ಲಿ ಇಳಿದು ಮಕ್ಕಳ ಜೊತೆ ತಳ್ಳಿದಳು. ಇಳುಕಲಿನಲ್ಲಿ ಮರದ ಬ್ರೇಕ್ ಸವೆದುಹೋದಾಗ ಬೌಶ್ಲಾಟ್ ಅನ್ನುವ ಹಳ್ಳಿಯ ಚಪ್ಪಲಿ ಹೊಲಿಯುವವನಿಂದ ಅದಕ್ಕೆ ಚರ್ಮ ಹೊಡೆಸಿದಳು. ಬ್ರೇಕ್ ಲೈನಿಂಗ್ ಹುಟ್ಟಿದ್ದು ಹಾಗೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಈಯಮ್ಮ ಡ್ರೈವರ್ ಕಣೋ" ಅಂದರು. "ಡೀಸೆಲ್ ಪೈಪಿಗೆ ಕಸ ಸಿಕ್ಕಿದ್ರೆ ನಾವು ಬಾಯಿ ಹಾಕಿ ಊದ್ತಿದ್ವಿ. ಘಾಟಿ ಇಳಿಯೋವಾಗ ಬ್ರೇಕ್ ಕಾದು ವಾಸನೆ ಬಂದ್ರೆ ಎದೆ ಹೊಡ್ಕೊಳ್ತದೆ. ಅದು ಓಡಿಸಿದೋರಿಗೇ ಗೊತ್ತು." ಬರ್ತಾ ಮನೆಗೆ ವಾಪಸಾದ ಮೇಲೆ ಏರು ಹತ್ತಲು ಇನ್ನೊಂದು ಗೇರ್ ಬೇಕು ಅಂತ ಗಂಡನಿಗೆ ಹೇಳಿದ್ದನ್ನೂ ತಿಳಿಸಿದೆ. "ಇನ್ನೇನು ಮತ್ತೆ" ಅಂದರು. ಅವಳು ಸುಮ್ನೆ ಹೆಸರಿಗೆ ಓಡಿಸಿದವಳಲ್ಲ. ಗಾಡಿಯನ್ನು ರಸ್ತೆಯ ಮೇಲೆ ಪರೀಕ್ಷೆ ಮಾಡಿ, ಏನು ಕೊರತೆ ಅಂತ ಹೇಳಿದ ಮೊದಲನೆಯವಳು. ಈ ಕಂಪನಿಯ ಹೆಸರಿನ ಬೇರು ಅಲ್ಲಿದೆ ಅಂತ ನನಗೆ ಬಲವಾಗಿ ಅನಿಸುತ್ತದೆ.

ಬ್ರುಕ್ಸಾಲ್‌ನಲ್ಲಿ ಅರಮನೆ ಚೆನ್ನಾಗಿದೆ. ಸಮಯ ಇಲ್ಲದಿದ್ದರೆ ಬಿಡಿ.

ಪ್‌ಫೋರ್ಟ್ಸ್‌ಹೈಮ್‌ನಲ್ಲಿ ಬರ್ತಾಳ ಕಾಲದ ಬೀದಿಗಳನ್ನು ಹುಡುಕಲು ಹೋಗಬೇಡಿ. 1945ರ ಫೆಬ್ರವರಿ 23ರಂದು ಬ್ರಿಟಿಷ್ ವಿಮಾನಗಳ ಬಾಂಬ್ ದಾಳಿಗೆ ಸುಮಾರು 17,600 ಜನ ಸತ್ತರು. ಊರಿನ ಮಧ್ಯಭಾಗ ಪೂರ್ತಿ ನೆಲಸಮವಾಯಿತು. ಈಗಿರುವುದು ಆಮೇಲೆ ಕಟ್ಟಿದ ಊರು. ಇದು ಚಿನ್ನದ ಕೆಲಸದವರ ಊರು, ಒಡವೆಗಳ ಮ್ಯೂಸಿಯಂ ನೋಡುವಂತಿದೆ. ಬರ್ತಾ ಕತ್ತಲಾಗುವ ಹೊತ್ತಿಗೆ ಇಲ್ಲಿ ತಲುಪಿ, ಬಂದು ಸೇರಿದೆವು ಅಂತ ಗಂಡನಿಗೆ ತಂತಿ ಕಳಿಸಿದಳು. ಅಪ್ಪನಿಗೆ ತುಂಬ ಇಷ್ಟವಾಗಿದ್ದು ಆ ತಂತಿಯ ವಿಷಯ. ಮಂಗಳೂರು ಮುಟ್ಟಿದ ಮೇಲೆ ಸಕಲೇಶಪುರದ ಅಂಗಡಿಗೆ ಫೋನ್ ಮಾಡಿ ಮನೆಗೆ ಹೇಳಿಕಳಿಸುತ್ತಿದ್ದುದನ್ನು ಅವರು ಅಲ್ಲಿ ನೆನೆಸಿಕೊಂಡರು.

ಇಲ್ಲಿಂದ ಸ್ಟುಟ್‌ಗಾರ್ಟ್‌ಗೆ ರೈಲಿನಲ್ಲಿ ಒಂದು ಗಂಟೆಯೊಳಗೆ. ಒಂದು ದಿನ ಅಕ್ಕನ ಮನೆಯಲ್ಲಿ ವಿಶ್ರಾಂತಿ ಪಡೆದು ಮ್ಯೂಸಿಯಂಗೆ ಹೊರಟೆವು. ಎಸ್1 ಲೋಕಲ್ ರೈಲು ಹತ್ತಿ ನೆಕ್ಕಾರ್‌ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಹತ್ತು ನಿಮಿಷದ ನಡಿಗೆ. ಸೋಮವಾರ ಬಾಗಿಲು ಹಾಕಿರುತ್ತದೆ. ಕನಿಷ್ಠ ನಾಲ್ಕು ಗಂಟೆ ಇಟ್ಟುಕೊಳ್ಳಿ. ಮೊದಲು ಲಿಫ್ಟ್‌ನಲ್ಲಿ ಮೇಲಿನ ಮಹಡಿಗೆ ಹೋಗುತ್ತೀರಿ, ಅಲ್ಲಿಂದ ಇಳಿಜಾರಿನ ದಾರಿಯಲ್ಲಿ ಸುತ್ತುತ್ತಾ ಕೆಳಗೆ ಬರುತ್ತೀರಿ. ಮೊಣಕಾಲು ನೋವಿರುವ ಹಿರಿಯರಿಗೂ ಇದು ಅನುಕೂಲ. ಒಳಗೆ 160 ಗಾಡಿಗಳಿವೆ. ಎಲ್ಲವನ್ನೂ ನೋಡಲು ಹೋಗಿ ಸುಸ್ತಾಗಬೇಡಿ.

ಎರಡು ಕುಟುಂಬಗಳ ಕಥೆ ಇಲ್ಲಿ ಒಂದಾಗುತ್ತದೆ. ಬೆಂಜ್ ಮ್ಯಾನ್‌ಹೈಮ್‌ನಲ್ಲಿದ್ದಾಗಲೇ ಇತ್ತ ಸ್ಟುಟ್‌ಗಾರ್ಟ್ ಪಕ್ಕದ ಕಾನ್‌ಸ್ಟಾಟ್‌ನಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಖ್ ತಮ್ಮದೇ ಎಂಜಿನ್ ಮಾಡಿದ್ದರು. ಮರ್ಸಿಡಿಸ್ ಅನ್ನುವುದು ಒಬ್ಬ ಹುಡುಗಿಯ ಹೆಸರು. ಡೈಮ್ಲರ್ ಕಾರುಗಳನ್ನು ಮಾರುತ್ತಿದ್ದ ಎಮಿಲ್ ಯೆಲಿನೆಕ್ ತನ್ನ ಮಗಳ ಹೆಸರನ್ನು ಕಾರಿಗೆ ಇಡಿಸಿದ. 1902ರಲ್ಲಿ ಅದು ನೋಂದಣಿಯಾಯಿತು. ಎರಡೂ ಕಂಪನಿಗಳು ಸೇರಿದ್ದು 1926ರಲ್ಲಿ, ಮೊದಲ ಮಹಾಯುದ್ಧದ ನಂತರದ ಕಷ್ಟಕಾಲದ ಪೆಟ್ಟು ತಿಂದ ಮೇಲೆ.

1933ರಿಂದ 45ರವರೆಗಿನ ಭಾಗದಲ್ಲಿ ದಯವಿಟ್ಟು ನಿಧಾನ ಮಾಡಿ. ಹೊಳೆಯುವ ದೊಡ್ಡ ಕಾರುಗಳನ್ನು ನೋಡಿ ಮುಂದೆ ಹೋಗುವವರೇ ಜಾಸ್ತಿ. ಅಂಥ ಕಾರುಗಳಲ್ಲೇ ಹಿಟ್ಲರ್ ಮೆರವಣಿಗೆ ಹೋದ. 1944ರ ಹೊತ್ತಿಗೆ ಈ ಕಂಪನಿಯ ಕೆಲಸಗಾರರಲ್ಲಿ ಸುಮಾರು ಅರ್ಧ ಜನ ಬಲವಂತವಾಗಿ ತಂದವರು, ಯುದ್ಧಕೈದಿಗಳು, ಸೆರೆಶಿಬಿರಗಳಿಂದ ಕರೆತಂದವರು. ಕಂಪನಿ ಅದನ್ನು ಒಪ್ಪಿಕೊಂಡು, 1988ರಲ್ಲಿ 2 ಕೋಟಿ ಮಾರ್ಕ್ (ಆಗಿನ ಜರ್ಮನ್ ಹಣ) ಕೊಟ್ಟಿತು. ತಡವಾಗಿ ಕೊಟ್ಟಿತು. ಈ ಮನೆತನದ ಹೆಸರು ಹೇಳುವಾಗ ಇದನ್ನು ಬಿಟ್ಟು ಹೇಳಬಾರದು.

ಸುರಕ್ಷತೆಯ ವಿಭಾಗದಲ್ಲಿ ನಾವು ತುಂಬ ಹೊತ್ತು ನಿಂತೆವು. ಗಾಡಿ ಎಷ್ಟು ಗಟ್ಟಿಯೋ ಅಷ್ಟು ಕ್ಷೇಮ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲದಲ್ಲಿ, ಬೇಲಾ ಬರೇನಿ ಅನ್ನುವ ಎಂಜಿನಿಯರ್ ಉಲ್ಟಾ ಹೇಳಿದ. ಮೂತಿ ಮತ್ತು ಹಿಂಭಾಗ ನುಜ್ಜಾಗಬೇಕು, ಪೆಟ್ಟನ್ನು ಅವು ತಿನ್ನಬೇಕು, ಜನ ಕೂರುವ ಗೂಡು ಮಾತ್ರ ಗಟ್ಟಿ ಇರಬೇಕು. 1959ರ ಕಾರಿನಲ್ಲಿ ಅದು ಬಂತು. 1978ರಲ್ಲಿ ಬಾಷ್ ಜೊತೆ ಮಾಡಿದ, ಜೋರಾಗಿ ಒತ್ತಿದರೂ ಚಕ್ರ ಕಚ್ಚಿಕೊಳ್ಳದ ಎಬಿಎಸ್ ಬ್ರೇಕ್ ಬಂತು. ನಮ್ಮ ಆಡುಗೋಡಿಯ ಮೈಕೋ ಇದೆಯಲ್ಲ, ಅದೇ ಬಾಷ್. ಲಾರಿ ಎಂಜಿನ್‌ಗೆ ಡೀಸೆಲ್ ಹಾಯಿಸುವ ಮೈಕೋ ಪಂಪು ಅಂದ ಕೂಡಲೇ ಅಪ್ಪನ ಮುಖ ಅರಳಿತು. 1981ರಲ್ಲಿ ಏರ್‌ಬ್ಯಾಗ್. ತಪ್ಪುಗಳೂ ಇವೆ. 1997ರಲ್ಲಿ ಎ-ಕ್ಲಾಸ್ ಕಾರು ಸ್ವೀಡನ್ನಿನ ಒಂದು ಪರೀಕ್ಷೆಯಲ್ಲಿ ಪಲ್ಟಿಯಾಯಿತು. ಮಾರಾಟ ನಿಲ್ಲಿಸಿ, ಎಲ್ಲ ಎ-ಕ್ಲಾಸ್‌ಗೂ ಇಎಸ್‌ಪಿ, ಅಂದರೆ ಗಾಡಿ ಹಿಡಿತ ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆ, ಹಾಕಿಕೊಟ್ಟರು. 2019ರಲ್ಲಿ ಡೀಸೆಲ್ ಹೊಗೆಯ ವಿಷಯಕ್ಕೆ ಜರ್ಮನಿಯಲ್ಲಿ 87 ಕೋಟಿ ಯೂರೋ ದಂಡ ಕಟ್ಟಿದರು.

ಲಾರಿ ಓಡಿಸಿದವರ ಮನೆಯವರಾದರೆ ಭಾರ ಹೊರುವ ಗಾಡಿಗಳ ವಿಭಾಗ ಬಿಡಬೇಡಿ. 1896ರಲ್ಲಿ ಡೈಮ್ಲರ್ ಮಾಡಿದ ಮೊದಲ ಲಾರಿ ನಾಲ್ಕು ಅಶ್ವಶಕ್ತಿಯದು, ಒಂದೂವರೆ ಟನ್ ಹೊರುತ್ತಿತ್ತು. ಗ್ರೀಸ್ ದೇಶದ ಟ್ಯಾಕ್ಸಿ ಡ್ರೈವರ್ ಒಬ್ಬರು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಮ್ಯೂಸಿಯಂಗೆ ಕೊಟ್ಟ 240 ಡಿ ಕಾರನ್ನೂ ಕೇಳಿ ಹುಡುಕಿ. ಭೂಮಿಯನ್ನು ನೂರಕ್ಕೂ ಹೆಚ್ಚು ಸಲ ಸುತ್ತಿದಷ್ಟು ದೂರ. ಬೆಂಜ್ ಅಂದರೆ ಯಾಕೆ ಅಷ್ಟು ನಂಬಿಕೆ ಅಂತ ಕೇಳುವವರಿಗೆ ರೇಸ್ ಕಾರುಗಳಿಗಿಂತ ಇದನ್ನೇ ನಾನು ತೋರಿಸುತ್ತೇನೆ.

ಊಟದ ಬಗ್ಗೆ ಎರಡು ಮಾತು. ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೆ ಈ ಕಡೆ ಕೇಝೆ-ಶ್ಪೆಟ್ಸ್‌ಲೆ ಸಿಗುತ್ತದೆ, ಚೀಸ್ ಹಾಕಿದ ಮೆತ್ತನೆಯ ಶಾವಿಗೆಯಂಥದ್ದು. ಮೌಲ್‌ಟಾಶೆನ್ ಕಡುಬಿನ ಹಾಗಿದ್ದರೂ ಒಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ, ಕೇಳಿಯೇ ತಿನ್ನಿ. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಶನಿವಾರವೇ ಬ್ರೆಡ್ಡು, ಹಣ್ಣು, ಮೊಸರು ತಂದಿಟ್ಟುಕೊಳ್ಳಿ. ಚಿಲ್ಲರೆ ಕೈಯಲ್ಲಿರಲಿ.

ಮ್ಯೂಸಿಯಂ ಆದ ಮೇಲೆ ಕಾಲಲ್ಲಿ ಶಕ್ತಿ ಉಳಿದಿದ್ದರೆ ಬಾಡ್ ಕಾನ್‌ಸ್ಟಾಟ್‌ನ ಉದ್ಯಾನಕ್ಕೆ ಹೋಗಿ. ಡೈಮ್ಲರ್ ಮತ್ತು ಮೈಬಾಖ್ ಕೆಲಸ ಮಾಡಿದ ತೋಟದ ಮನೆ ಅಲ್ಲಿದೆ. ಬಾಗಿಲು ತೆರೆಯುವ ಸಮಯ ಕಡಿಮೆ, ವಿಚಾರಿಸಿ ಹೋಗಿ. ಹಗಲು ರಾತ್ರಿ ಸದ್ದು ಕೇಳಿ, ಕಳ್ಳನಾಣ್ಯ ಮಾಡುತ್ತಿದ್ದಾರೆ ಅಂತ ತೋಟದ ಮಾಲಿ ದೂರು ಕೊಟ್ಟಿದ್ದನಂತೆ. ಪೊಲೀಸರು ಬಂದು ನೋಡಿದರೆ ಒಳಗೆ ಎಂಜಿನ್. ಚಿಕ್ಕ ಜಾಗ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅಪ್ಪ ಮಾತ್ರ ಉಪಕರಣಗಳ ಮುಂದೆ ನಿಂತವರು ಬಾಗಿಲು ಹಾಕುವವರೆಗೂ ಕದಲಲಿಲ್ಲ.