ಓಡಾಡುವ ಮಗುವಿಗೆ ಬೆನ್ನಿನ ಆಪರೇಷನ್ ಯಾಕೆ?

"ಮಗು ಚೆನ್ನಾಗಿ ಓಡಾಡ್ಕೊಂಡೇ ಇತ್ತಲ್ಲ, ಸುಮ್ನೆ ಬೆನ್ನು ಯಾಕೆ ಕೊಯ್ಯಿಸಿದ್ರಿ?" ಮದುವೆ ಮನೆಯಲ್ಲೂ ಕೇಳುತ್ತಾರೆ, ಅಂಗನವಾಡಿ ಬಾಗಿಲಲ್ಲೂ ಕೇಳುತ್ತಾರೆ. ನಾನೂ ಡಾಕ್ಟರನ್ನು ಮೊದಲು ಕೇಳಿದ್ದು ಅದನ್ನೇ.

ಮಗಳು ಹುಟ್ಟಿದಾಗ ಸೊಂಟದ ಹತ್ತಿರ, ಬೆನ್ನಿನ ನಟ್ಟನಡುವೆ ಒಂದು ಕುಚ್ಚು ಕೂದಲಿತ್ತು. ರೇಷ್ಮೆಯ ಹಾಗೆ ನುಣುಪು. ಎರೆಯಲು ಬರುತ್ತಿದ್ದ ಅಜ್ಜಿ ಕಡಲೆಹಿಟ್ಟು ಹಾಕಿ ಉಜ್ಜಿದರು, "ಉದುರಿ ಹೋಗುತ್ತೆ ಬಿಡವ್ವಾ" ಅಂದರು. ಬಿಟ್ಟೆವು. ಎರಡೂವರೆ ವರ್ಷಕ್ಕೆ ಎಡಗಾಲಿನ ಚಪ್ಪಲಿ ಮಾತ್ರ ಜಾರಿ ಜಾರಿ ಹೋಗತೊಡಗಿತು. ಪಾದಗಳನ್ನು ಜೋಡಿಸಿ ನೋಡಿದರೆ ಎಡಗಡೆಯದು ಚಿಕ್ಕದು.

ಎಂಆರ್‌ಐ ಆದಮೇಲೆ ಹೆಸರು ಗೊತ್ತಾಯಿತು: ಡಯಾಸ್ಟೆಮಟೋಮೈಲಿಯಾ. ಸ್ಪ್ಲಿಟ್ ಕಾರ್ಡ್ ಅಂತಲೂ ಹೇಳುತ್ತಾರೆ. ಬೆನ್ನುಹುರಿ ಒಂದಷ್ಟು ಉದ್ದಕ್ಕೆ ಎರಡಾಗಿ ಸೀಳಿರುತ್ತದೆ. ಸೀಳಿನ ನಡುವೆ ಮೂಳೆ ಇದ್ದರೆ ಟೈಪ್ 1, ಬರೀ ನಾರಿನಂಥ ಪರದೆ ಇದ್ದರೆ ಟೈಪ್ 2. ನಮ್ಮ ಮಗಳಿಗೆ ಮೂಳೆ, ಗೂಟ ಹೊಡೆದ ಹಾಗೆ. ಬಸಿರು ನಿಂತ ಮೊದಲ ವಾರಗಳಲ್ಲೇ ಆಗಿಹೋಗುವಂಥದ್ದು ಇದು. ಗ್ರಹಣ ನೋಡಿದ್ದಕ್ಕಲ್ಲ, ಪಪ್ಪಾಯಿ ತಿಂದಿದ್ದಕ್ಕಲ್ಲ. ರಾತ್ರಿ ನಿದ್ದೆ ಬಾರದಾಗ ಈ ಮಾತನ್ನು ಎಷ್ಟು ಸಲ ಹೇಳಿಕೊಂಡಿದ್ದೇನೋ.

ಮಗು ಬೆಳೆದ ಹಾಗೆ ಬೆನ್ನುಮೂಳೆ ಉದ್ದವಾಗುತ್ತದೆ. ಒಳಗಿನ ಹುರಿಗೆ ಸರಿದುಕೊಳ್ಳಲು ಸಡಿಲ ಬೇಕು. ಗೂಟಕ್ಕೆ ಸಿಕ್ಕಿಕೊಂಡರೆ ಸರಿಯುವುದು ಹೇಗೆ? ಕಟ್ಟಿಹಾಕಿದ ಕರು ಹಗ್ಗ ಜಗ್ಗಿದ ಹಾಗೆ ಎಳೆತ ಜಾಸ್ತಿಯಾಗುತ್ತಾ ಹೋಗುತ್ತದೆ. ಕಾಲಿಗೆ, ಮೂತ್ರಕೋಶಕ್ಕೆ ಹೋಗುವ ನರಗಳು ಸೋಲುತ್ತವೆ. ಸೋತ ನರ ಪೂರ್ತಿ ಸರಿಹೋಗುತ್ತದೆ ಅಂತ ಯಾವ ಡಾಕ್ಟರೂ ಮಾತು ಕೊಡುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲಿಕ್ಕೇ ಈ ಆಪರೇಷನ್. ಅದರಲ್ಲೂ ಅಪಾಯವಿದೆ. ಸಹಿ ಹಾಕುವಾಗ ನನ್ನ ಕೈ ನಡುಗಿದ್ದು ನಿಜ. ಆದರೆ ಓಡುವ ಮಗು ಎಡವುವ ತನಕ ಕಾಯಲು ಮನಸ್ಸು ಒಪ್ಪಲಿಲ್ಲ.

ಮೈಕ್ರೋಸ್ಕೋಪ್ ಇಟ್ಟು ಆ ಮೂಳೆ ತೆಗೆದರು. ಕೆಳಗೆ ಹುರಿಯನ್ನು ಬಿಗಿದಿದ್ದ ನಾರನ್ನೂ ಕತ್ತರಿಸಿದರು. ಎಡಪಾದ ಇವತ್ತಿಗೂ ಚಿಕ್ಕದೇ. ಒಂದೇ ಶೂ ಎರಡು ಅಳತೆಯಲ್ಲಿ, ಎರಡು ಜೊತೆ ಕೊಳ್ಳುತ್ತೇವೆ. ಬೆಳೆಯುವಾಗ ಹುರಿ ಮತ್ತೆ ಅಂಟಿಕೊಳ್ಳಬಹುದು, ಅದಕ್ಕೆ ತಪಾಸಣೆ ತಪ್ಪಿಸುವುದಿಲ್ಲ.

ಆ ಅಜ್ಜಿ ಈಗ ಯಾರ ಮನೆಗೆ ಎರೆಯಲು ಹೋದರೂ ಮೊದಲು ಕೂಸನ್ನು ಬೋರಲು ಮಲಗಿಸಿ ಬೆನ್ನು ನೋಡುತ್ತಾರಂತೆ. ಸೊಂಟದ ಮೇಲೆ ಕೂದಲ ಕುಚ್ಚೋ, ಗುಳಿಯೋ, ಗಂಟೋ ಕಂಡರೆ "ಡಾಕ್ಟರಿಗೆ ತೋರ್ಸವ್ವಾ" ಅಂದ ಮೇಲೇ ನೀರು ಹಾಕುವುದು.