ಗುಡ್ಡದಾಚೆಯಿಂದ ಬರುವ ಮಿಸೈಲು

ನಿನ್ನೆ ರಾತ್ರಿ ತಮ್ಮನ ಜೊತೆ ಮೆಕ್‌ವಾರಿಯರ್ ಆನ್‌ಲೈನ್ ಆಡುತ್ತಿದ್ದೆ, ಮೆಕ್ ಅನ್ನೋ ದೈತ್ಯ ಯುದ್ಧಯಂತ್ರ ಓಡಿಸುವ ಕಂಪ್ಯೂಟರ್ ಆಟ. ಮೂರು ಆಟದಲ್ಲೂ ಎಲ್‌ಆರ್‌ಎಂ, ಅಂದರೆ ದೂರಕ್ಕೆ ಹಾರುವ ಮಿಸೈಲುಗಳ, ಮಳೆಗೆ ಸಿಕ್ಕಿ ಸತ್ತೆವು. "ಅಣ್ಣಾ, ಇದನ್ನ ಆಟದಿಂದ ತೆಗೆದೇ ಹಾಕ್ಬೇಕು" ಅಂತ ಅವನಿಗೆ ಕೋಪ. ನಾನು ಒಪ್ಪಲಿಲ್ಲ.

ಆಟದ ಎರಡು ಬಣಗಳಲ್ಲಿ ಒಂದಾದ ಇನ್ನರ್ ಸ್ಫಿಯರ್‌ನ ಎಲ್‌ಆರ್‌ಎಂಗೆ ಒಂದು ಕಡಿವಾಣ ಇದ್ದೇ ಇದೆ. 180 ಮೀಟರ್ ಒಳಗೆ ನುಗ್ಗಿದವನಿಗೆ ಅದರಿಂದ ಪೆಟ್ಟಿಲ್ಲ. ಇದಕ್ಕೆ ಮೂಲವಾದ ಹಳೆಯ ಬ್ಯಾಟಲ್‌ಟೆಕ್ ಬೋರ್ಡ್ ಆಟದ ಲೆಕ್ಕ ಇದು, ಅಲ್ಲಿ ಒಂದು ಮನೆ ಅಂದರೆ 30 ಮೀಟರ್, ಆರು ಮನೆಯೊಳಗೆ ಬಂದವನ ಮೇಲೆ ಗುರಿ ಇಡೋದು ಕಷ್ಟ.

ನಿಜವಾದ ತೊಡಕು ಬೇರೆ. ಶತ್ರುವನ್ನು ನೋಡಿ ಗುರಿ ತೋರಿಸುವವನು ಒಬ್ಬ, ಗುಡ್ಡದ ಹಿಂದೆ ಕೂತು ಹೊಡೆಯುವವನು ಇನ್ನೊಬ್ಬ. ಆಟ ಮಾಡಿದವರು ಮಿಸೈಲಿನ ಪೆಟ್ಟು ಜಾಸ್ತಿ ಮಾಡಿದರೆ ಹೊಸಬರು ಯಾರು ಹೊಡೆದರು ಅಂತಾನೂ ಗೊತ್ತಾಗದೆ ಸಾಯುತ್ತಾರೆ, ಕಮ್ಮಿ ಮಾಡಿದರೆ ಅಷ್ಟು ಭಾರದ ಆಯುಧವನ್ನು ಯಾರೂ ಹೊರುವುದಿಲ್ಲ. ಕಣ್ಣಾರೆ ನೋಡಿ ಹೊಡೆಯುವವನಿಗೆ ಮಿಸೈಲು ಒಟ್ಟಾಗಿ ಬೀಳಲಿ, ಮರೆಯಲ್ಲಿ ಕೂತವನಿಗೆ ಚದುರಲಿ. ಅಷ್ಟು ಸಾಕು ಅಲ್ವಾ?

ಬೆಳಗ್ಗೆ ಚಿತ್ರದುರ್ಗದ ಕೋಟೆ ಹತ್ತಿದೆ. ಓಬವ್ವನ ಕಿಂಡಿ ಮುಂದೆ ಸುಮ್ನೆ ನಿಂತಿದ್ದೆ. ಅಷ್ಟು ಹತ್ತಿರಕ್ಕೆ ಬಂದ ಶತ್ರುವಿಗೆ ಫಿರಂಗಿ ಯಾವ ಲೆಕ್ಕ, ಅಲ್ಲಿ ಒನಕೆಯೇ ಬೇಕಾಯಿತು.

ತಮ್ಮನಿಗೆ ಹೇಳಿದ್ದೇನೆ. ಇವತ್ತು ರಾತ್ರಿ ಇಬ್ಬರೂ ಹಗುರ ಮೆಕ್ ತಗೊಂಡು, ಬಂಡೆ ಮರೆಯಲ್ಲೇ ಓಡಿ, ನೇರ ಎಲ್‌ಆರ್‌ಎಂ ಹೊಡೆಯುವವರ ಕಾಲ ಬುಡಕ್ಕೆ ಹೋಗುವುದು.